ಎ.ಓ. ಹ್ಯೂಮ್ ಮತ್ತು ಕಡಲ ಹಕ್ಕಿಗಳ ಸಮೀಕ್ಷೆ

ಕಾಂಗ್ರೆಸ್ ಸಂಸ್ಥಾಪಕರಲ್ಲೊಬ್ಬರೆಂದು ಸಾರ್ವಜನಿಕರಿಗೆ ಪರಿಚಿತರಾದ ಅಲನ್ ಆಕ್ಟೇವಿಯನ್ ಹ್ಯೂಮ್‌ರವರು (1829-1912) ಸರ್ಕಾರಿ ಅಧಿಕಾರಿಯಾಗಿದ್ದುಕೊಂಡೇ ಭಾರತದ ಪಕ್ಷಿಶಾಸ್ತ್ರಕ್ಕೆ ಬುನಾದಿ ಹಾಕಿದವರು. 1872ರಲ್ಲಿ ಸಿಂಧ್ ಹಾಗೂ ಮಕ್ರಾನ್ ಕರಾವಳಿಯ ಪ್ರವಾಸದ ತರುವಾಯ ಪರ್ಷಿಯನ್ ಶಿಯರ್‌ವಾಟರ್ ಎಂಬ ಕಡಲ ಹಕ್ಕಿಯನ್ನು ಪ್ರಥಮವಾಗಿ ವಿವರಿಸಿದರು. 1875ರಲ್ಲಿ ದೀಪಸ್ತಂಭಗಳ ಸ್ಥಳ ಪರಿಶೀಲನೆಗೆಂದು ಕ್ಲೈಡ್ ಎಂಬ ಸರ್ವೇ ನೌಕೆಯಲ್ಲಿ ಲಕ್ಷದ್ವೀಪಕ್ಕೆ ತೆರಳಿದಾಗಲೂ ಹಕ್ಕಿಗಳ ಮಾದರಿಗಳನ್ನು ಸಂಗ್ರಹಿಸಿ, ತಾವೇ ಸ್ಥಾಪಿಸಿದ್ದ ಸ್ಟ್ರೇ ಫೆದರ್ಸ್ ಪತ್ರಿಕೆಯಲ್ಲಿ ವಿವರಗಳನ್ನು ಪ್ರಕಟಿಸಿದರು.

ಭಾರತದ ಪಕ್ಷಿಗಳ ಕುರಿತು ಹಲವು ವರ್ಷ ಶ್ರಮಿಸಿ ಸಿದ್ಧಪಡಿಸಿದ್ದ ಹಸ್ತಪ್ರತಿಯನ್ನು, ಅವರು ಶಿಮ್ಲಾದಲ್ಲಿಲ್ಲದ ವೇಳೆ ಸೇವಕನೊಬ್ಬನು ರದ್ದಿ ಕಾಗದವಾಗಿ ಮಾರಿಬಿಟ್ಟನು. ಕಡತಗಳ ನಡುವೆ ದಿನ ಕಳೆಯುವವರಿಗೆ ಈ ನಷ್ಟದ ತೂಕವನ್ನು ವಿವರಿಸಬೇಕಾಗಿಲ್ಲ. ಮನನೊಂದ ಹ್ಯೂಮ್‌ರವರು 1885ರಲ್ಲಿ ತಮ್ಮ ಸುಮಾರು 82,000 ಪಕ್ಷಿ ಮಾದರಿ ಹಾಗೂ ಮೊಟ್ಟೆಗಳ ಸಂಗ್ರಹವನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ದಾನವಾಗಿ ನೀಡಿದರು.