ಫಿಲಿಪ್ ಹೆನ್ರಿ ಗಾಸ್

ಫಿಲಿಪ್ ಹೆನ್ರಿ ಗಾಸ್ (೬ ಏಪ್ರಿಲ್ ೧೮೧೦ – ೨೩ ಆಗಸ್ಟ್ ೧೮೮೮) ಇಂಗ್ಲೆಂಡಿನ ಪ್ರಕೃತಿ ವಿಜ್ಞಾನಿ, ಲೇಖಕ ಹಾಗೂ ಚಿತ್ರಕಾರ. ಕಡಲಿನ ಜೀವಿಗಳನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವ ವಿಧಾನವನ್ನು ಜನಸಾಮಾನ್ಯರಿಗೆ ಕಲಿಸಿದವರಲ್ಲಿ ಇವರು ಪ್ರಮುಖರು. ಅಂತಹ ತೊಟ್ಟಿಗೆ ಅಕ್ವೇರಿಯಂ ಎಂಬ ಹೆಸರು ರೂಢಿಗೆ ಬಂದದ್ದು ಇವರ ಬರಹಗಳಿಂದ. ಹೂವಿನಂತೆ ಕಾಣುವ, ಆದರೆ ಪ್ರಾಣಿವರ್ಗಕ್ಕೆ ಸೇರಿದ ಕಡಲ ಅನಿಮೋನ್‌ಗಳು (ಕಡಲಹೂ) ಇವರ ಅಧ್ಯಯನದ ಮುಖ್ಯ ವಿಷಯಗಳಲ್ಲೊಂದಾಗಿದ್ದವು.

ಬಾಲ್ಯ ಮತ್ತು ವಿದೇಶವಾಸ

ಗಾಸ್ ಜನಿಸಿದ್ದು ವೂಸ್ಟರ್ ಪಟ್ಟಣದಲ್ಲಿ. ಬೆಳೆದದ್ದು ಡಾರ್ಸೆಟ್ ಪ್ರಾಂತದ ಪೂಲ್ ಎಂಬ ಬಂದರಿನಲ್ಲಿ. ತಂದೆ ಥಾಮಸ್ ಗಾಸ್ ಊರೂರು ಅಲೆದು ಕಿರುಚಿತ್ರಗಳನ್ನು ಬರೆದು ಜೀವಿಸುತ್ತಿದ್ದ ಕಲಾವಿದ. ಸೂಕ್ಷ್ಮವಾಗಿ ನೋಡಿ ಚಿತ್ರಿಸುವ ಕೌಶಲ ಮಗನಿಗೆ ತಂದೆಯಿಂದ ಬಂದಿತು. ೧೮೨೭ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಗಾಸ್ ನ್ಯೂಫೌಂಡ್‌ಲ್ಯಾಂಡಿನ ಕಾರ್ಬೊನಿಯರ್ ಬಂದರಿಗೆ ವ್ಯಾಪಾರಿ ಸಂಸ್ಥೆಯೊಂದರ ಗುಮಾಸ್ತರಾಗಿ ಹೋದರು. ಅಲ್ಲಿ ಸೂಕ್ಷ್ಮದರ್ಶಕವನ್ನು ಕುರಿತ ಹಳೆಯ ಪುಸ್ತಕವೊಂದನ್ನು ಕೊಂಡು, ಬಿಡುವಿನ ವೇಳೆಯಲ್ಲಿ ಕೀಟಗಳನ್ನು ಸಂಗ್ರಹಿಸತೊಡಗಿದರು. ವಿಶ್ವವಿದ್ಯಾಲಯದ ಶಿಕ್ಷಣ ಇವರಿಗೆ ದೊರೆಯಲಿಲ್ಲ.

೧೮೩೫ರಿಂದ ಮೂರು ವರ್ಷ ಕೆನಡಾದ ಕಾಂಪ್ಟನ್ನಿನಲ್ಲಿ ನಡೆಸಿದ ಬೇಸಾಯ ಕೈಹಿಡಿಯಲಿಲ್ಲ. ೧೮೩೮ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಕೆಲವು ತಿಂಗಳು ಶಾಲಾ ಉಪಾಧ್ಯಾಯರಾಗಿದ್ದು, ಮರುವರ್ಷ ಇಂಗ್ಲೆಂಡಿಗೆ ಮರಳಿದರು. ೧೮೪೦ರಲ್ಲಿ ‘ದಿ ಕೆನೇಡಿಯನ್ ನ್ಯಾಚುರಲಿಸ್ಟ್’ ಪ್ರಕಟವಾಯಿತು. ೧೮೪೪ರಿಂದ ಸುಮಾರು ಒಂದೂವರೆ ವರ್ಷ ಜಮೈಕಾದಲ್ಲಿದ್ದು ಅಲ್ಲಿಯ ಪಕ್ಷಿಗಳನ್ನು ಅಭ್ಯಸಿಸಿದರು. ೧೮೪೮ರಲ್ಲಿ ಧಾರ್ಮಿಕ ಲೇಖಕಿ ಎಮಿಲಿ ಬೋಸ್ ಅವರನ್ನು ವಿವಾಹವಾದರು. ಮರುವರ್ಷ ಹುಟ್ಟಿದ ಏಕೈಕ ಪುತ್ರ ಎಡ್ಮಂಡ್ ಗಾಸ್ ಮುಂದೆ ಪ್ರಸಿದ್ಧ ಸಾಹಿತ್ಯ ವಿಮರ್ಶಕರಾದರು.

ಕಡಲ ತೀರದಲ್ಲಿ

ಅತಿಯಾದ ದುಡಿಮೆಯಿಂದ ಆರೋಗ್ಯ ಕೆಟ್ಟಾಗ, ೧೮೫೨ರಲ್ಲಿ ಗಾಸ್ ಲಂಡನ್ ಬಿಟ್ಟು ಡೆವನ್ ಕರಾವಳಿಗೆ ಹೋದರು. ಇಳಿತದ ವೇಳೆ ಬಂಡೆಗಳ ನಡುವೆ ಉಳಿಯುವ ನೀರಿನ ಗುಂಡಿಗಳಲ್ಲಿ ಅವರಿಗೆ ಹೊಸ ಲೋಕವೇ ಕಂಡಿತು. ಅಲ್ಲಿಯ ಜೀವಿಗಳನ್ನು ಕೊಂದು ಮದ್ಯಸಾರದಲ್ಲಿಟ್ಟು ನೋಡುವುದಕ್ಕಿಂತ, ಬದುಕಿರುವಂತೆಯೇ ದೀರ್ಘಕಾಲ ಗಮನಿಸುವುದು ಅವರ ಗುರಿಯಾಯಿತು.

ಈ ದಿಕ್ಕಿನಲ್ಲಿ ಇತರರೂ ಕೆಲಸ ಮಾಡಿದ್ದರು. ಆ್ಯನಾ ಥಿನ್ ಎಂಬ ಮಹಿಳೆ ೧೮೪೬ರಲ್ಲಿ ಟಾರ್ಕೀಯಿಂದ ಹವಳದ ಜೀವಿಗಳನ್ನು ಲಂಡನ್ನಿಗೆ ತಂದು, ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಸಿ ಗಾಳಿ ಬೆರೆಸುತ್ತ ಅವುಗಳನ್ನು ಉಳಿಸಿಕೊಂಡಿದ್ದರು. ಸಸ್ಯಗಳು ಬಿಡುವ ಆಮ್ಲಜನಕದಿಂದ ತೊಟ್ಟಿಯ ಪ್ರಾಣಿಗಳು ಬದುಕಬಲ್ಲವೆಂಬುದನ್ನು ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ತೋರಿಸಿದ್ದರು. ೧೮೫೩ರ ಮೇ ತಿಂಗಳಿನಲ್ಲಿ ಲಂಡನ್ ಮೃಗಾಲಯದಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಅದಕ್ಕೆ ಬೇಕಾದ ಕಡಲ ಜೀವಿಗಳನ್ನು ಒದಗಿಸಿದವರಲ್ಲಿ ಗಾಸ್ ಒಬ್ಬರು. ೧೮೫೪ರಲ್ಲಿ ‘ದಿ ಅಕ್ವೇರಿಯಂ’, ಮರುವರ್ಷ ಸಾಕಣೆಯ ಕೈಪಿಡಿ ಹೊರಬಂದವು. ೧೮೫೬ರಲ್ಲಿ ಗಾಸ್ ರಾಯಲ್ ಸೊಸೈಟಿಯ ಸದಸ್ಯರಾಗಿ ಚುನಾಯಿತರಾದರು.

ಅನಿಮೋನ್‌ಗಳ ಆರೈಕೆ

ಅನಿಮೋನ್ ತನ್ನ ದೇಹದ ತಳಭಾಗದಿಂದ ಬಂಡೆಯನ್ನು ಹಿಡಿದು ನಿಲ್ಲುತ್ತದೆ. ಕಿತ್ತು ತೆಗೆದಾಗ ಈ ತಳ ಹರಿದರೆ ಪ್ರಾಣಿ ಮತ್ತೆ ನೆಲೆನಿಲ್ಲದೆ ಸೊರಗಿ ಸಾಯುವ ಸಂಭವವಿದೆ. ಆದುದರಿಂದ ಉಳಿ ಸುತ್ತಿಗೆಗಳಿಂದ ಬಂಡೆಯ ಚೂರಿನೊಡನೆಯೇ ಅದನ್ನು ಬಿಡಿಸಿಕೊಳ್ಳುವುದು ಗಾಸ್ ಅನುಸರಿಸಿದ ಕ್ರಮ. ಕಡಲ ಪಾಚಿಯನ್ನೂ ಕಲ್ಲಿನ ಸಮೇತ ತರುತ್ತಿದ್ದರು.

ಕಾಯಿಲೆ ಬಿದ್ದ ಅನಿಮೋನ್‌ಗೆ ಔಷಧಿ ಕುಡಿಸುವಂತಿಲ್ಲ. ಅದರ ಸುತ್ತಲಿನ ನೀರನ್ನು ಸರಿಪಡಿಸುವುದೇ ಮುಖ್ಯ ಚಿಕಿತ್ಸೆ. ಗಾಸ್ ಅವರ ಬೋಧನೆಯ ಸಾರವೂ ಇದೇ. ತೊಟ್ಟಿಯಲ್ಲಿ ಸತ್ತ ಪ್ರಾಣಿಯನ್ನು ತಡಮಾಡದೆ ತೆಗೆಯಬೇಕು. ಅದು ಕೊಳೆತರೆ ಆಮ್ಲಜನಕ ಕಡಿಮೆಯಾಗಿ ಉಳಿದ ಜೀವಿಗಳೂ ಸಾಯುತ್ತವೆ. ತಿನ್ನದೆ ಬಿಟ್ಟ ಆಹಾರಕ್ಕೂ ಇದೇ ನಿಯಮ. ಆವಿಯಾದ ನೀರಿನ ಬದಲಿಗೆ ಸಿಹಿನೀರನ್ನೇ ಸೇರಿಸಬೇಕು. ಉಪ್ಪು ಆವಿಯಾಗದೆ ಉಳಿಯುವುದರಿಂದ ಮತ್ತೆ ಕಡಲ ನೀರು ಸುರಿದರೆ ಲವಣಾಂಶ ಮಿತಿಮೀರುತ್ತದೆ. ಬಿಸಿಲಿನ ತಾಪದಿಂದ ತೊಟ್ಟಿಗೆ ಮರೆ ಬೇಕು.

ಮುದುಡಿದ ಅನಿಮೋನ್‌ಗಳೆಲ್ಲ ಕಾಯಿಲೆಯವಲ್ಲ. ಇಳಿತದಲ್ಲಿ ನೀರಿನಿಂದ ಹೊರಗುಳಿದಾಗ, ಮುಟ್ಟಿದಾಗ ಅಥವಾ ಉಂಡ ನಂತರ ಅವು ಮುದ್ದೆಯಾಗುವುದು ಸಹಜ. ಬಂಡೆಯ ಹಿಡಿತ ತಪ್ಪಿ ಉರುಳಾಡುವುದು, ಬಾಯಿ ಸಡಿಲವಾಗಿ ತೆರೆದೇ ಇರುವುದು, ದೇಹ ಕರಗಿದಂತಾಗುವುದು ಅಪಾಯದ ಚಿಹ್ನೆಗಳು. ಇವು ಇಂದಿನ ಸಾಕಣೆದಾರರೂ ಗಮನಿಸುವ ಲಕ್ಷಣಗಳೇ ಆಗಿವೆ.

ಕಡಲಿನಿಂದ ದೂರವಿರುವವರಿಗಾಗಿ ಗಾಸ್ ೧೮೫೪ರಲ್ಲಿ ಕೃತಕ ಕಡಲ ನೀರಿನ ಸೂತ್ರವನ್ನು ಪ್ರಕಟಿಸಿದರು. ಅಡುಗೆ ಉಪ್ಪು, ಎಪ್ಸಮ್ ಲವಣ, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಎಂಬ ನಾಲ್ಕು ಲವಣಗಳು ಅದರಲ್ಲಿದ್ದವು. ಇಂತಹ ನೀರಿನಲ್ಲಿ ಮೊದಲು ಪಾಚಿಯನ್ನು ಬೆಳೆಯಬಿಟ್ಟು, ಕೆಲವು ದಿನಗಳ ಅನಂತರವೇ ಪ್ರಾಣಿಗಳನ್ನು ಬಿಟ್ಟರು. ಹೊಸ ತೊಟ್ಟಿಗೆ ಅವಸರದಿಂದ ಜೀವಿಗಳನ್ನು ಸೇರಿಸಬಾರದೆಂಬ ಇಂದಿನ ನಿಯಮಕ್ಕೆ ಇದು ಹತ್ತಿರವಾದುದು.

ಅವರ ತಿಳಿವಿಗೆ ಕಾಲದ ಮಿತಿಯೂ ಇತ್ತು. ಉಷ್ಣವಲಯದ ಹವಳದ ದಿಬ್ಬಗಳಲ್ಲಿ ವಾಸಿಸುವ ಹಲವು ಅನಿಮೋನ್‌ಗಳ ಅಂಗಾಂಶದಲ್ಲಿ ಸೂಕ್ಷ್ಮ ಪಾಚಿಗಳಿದ್ದು, ಅವು ಬೆಳಕಿನಿಂದ ತಯಾರಿಸುವ ಆಹಾರದಲ್ಲಿ ಒಡೆಯನಿಗೂ ಪಾಲು ದೊರೆಯುತ್ತದೆ. ಬೆಳಕು ಸಾಲದಿದ್ದರೆ ಅಥವಾ ನೀರು ಕಾದರೆ ಪಾಚಿ ನಷ್ಟವಾಗಿ ಅನಿಮೋನ್ ಬಿಳಿಚಿಕೊಳ್ಳುತ್ತದೆ. ಈ ಸಹಜೀವನ ಗಾಸ್ ಪುಸ್ತಕಗಳನ್ನು ಬರೆದ ದಿನಗಳಲ್ಲಿ ತಿಳಿದಿರಲಿಲ್ಲ.

ಬ್ರಿಟನ್ನಿನ ಅನಿಮೋನ್ ಮತ್ತು ಹವಳಗಳನ್ನು ಕುರಿತ ‘ಆಕ್ಟಿನೋಲೋಜಿಯ ಬ್ರಿಟಾನಿಕ’ (೧೮೫೮–೬೦) ಇವರ ಶ್ರೇಷ್ಠ ಕೃತಿಗಳಲ್ಲೊಂದು. ಇಂದು ಮನೆಯ ಹವಳದ ತೊಟ್ಟಿಗಳಲ್ಲಿ ಕಳೆಯಂತೆ ಹಬ್ಬಿ ಕಾಡುವ ಐಪ್ಟೇಸಿಯ ಅನಿಮೋನ್‌ಗಳ ಕುಲನಾಮವನ್ನು ೧೮೫೮ರಲ್ಲಿ ಕೊಟ್ಟವರೂ ಗಾಸ್ ಅವರೇ.

ಪತ್ನಿವಿಯೋಗ ಮತ್ತು ‘ಓಂಫಲಾಸ್’

ಎಮಿಲಿ ಸ್ತನ ಕ್ಯಾನ್ಸರಿನಿಂದ ಬಹಳ ನೋವುಂಡು ೧೮೫೭ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಗಾಸ್ ‘ಓಂಫಲಾಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ದೃಢ ಕ್ರೈಸ್ತ ಶ್ರದ್ಧೆಯುಳ್ಳ ಅವರು, ಭೂಮಿಯು ಹಳೆಯದೆಂಬ ಲಕ್ಷಣಗಳೊಡನೆಯೇ ಸೃಷ್ಟಿಯಾಯಿತೆಂದು ಅದರಲ್ಲಿ ವಾದಿಸಿ, ಭೂವಿಜ್ಞಾನವನ್ನೂ ಬೈಬಲನ್ನೂ ಹೊಂದಿಸಲು ಯತ್ನಿಸಿದರು. ಈ ವಾದವನ್ನು ವಿಜ್ಞಾನಿಗಳೂ ಒಪ್ಪಲಿಲ್ಲ, ಧರ್ಮಶ್ರದ್ಧೆಯುಳ್ಳವರೂ ಮೆಚ್ಚಲಿಲ್ಲ. ಎಮಿಲಿಯವರ ಮರಣಾನಂತರ ಗಾಸ್ ಮಗನೊಡನೆ ಡೆವನ್ನಿನ ಸೇಂಟ್ ಮೇರಿಚರ್ಚ್‌ನಲ್ಲಿ ನೆಲೆಸಿದರು. ೧೮೬೦ರಲ್ಲಿ ಎಲೈಜಾ ಬ್ರೈಟ್‌ವೆನ್ ಅವರನ್ನು ವಿವಾಹವಾದರು. ಮುಪ್ಪಿನಲ್ಲಿ ಆರ್ಕಿಡ್‌ಗಳನ್ನು ಬೆಳೆಸುತ್ತ, ರೋಟಿಫರ್ ಎಂಬ ಸೂಕ್ಷ್ಮಜೀವಿಗಳನ್ನು ಅಭ್ಯಸಿಸುತ್ತ ಕಾಲ ಕಳೆದು, ೧೮೮೮ರಲ್ಲಿ ಅಲ್ಲಿಯೇ ನಿಧನರಾದರು.

ಪ್ರಭಾವ

ಗಾಸ್ ಅವರ ಪುಸ್ತಕಗಳಿಂದ ಅಕ್ವೇರಿಯಂ ೧೮೫೦ರ ದಶಕದ ಇಂಗ್ಲೆಂಡಿನಲ್ಲಿ ದೊಡ್ಡ ಹವ್ಯಾಸವಾಯಿತು. ಜನರು ಗುಂಪುಗುಂಪಾಗಿ ತೀರಕ್ಕೆ ಬಂದು ಅನಿಮೋನ್‌ಗಳನ್ನು ಕಿತ್ತೊಯ್ದರು. ಹಾಗೆ ಒಯ್ದುದರಲ್ಲಿ ಬಹಳಷ್ಟು ಅಜ್ಞಾನದ ಆರೈಕೆಯಿಂದ ಸತ್ತಿತು. ಬಂಡೆಗಳ ನಡುವಿನ ಗುಂಡಿಗಳು ಹೀಗೆ ಬರಿದಾದುದನ್ನೂ, ಅದಕ್ಕೆ ತನ್ನ ಬರಹವೇ ದಾರಿ ಮಾಡಿತೆಂದು ತಂದೆ ನೊಂದುದನ್ನೂ ಎಡ್ಮಂಡ್ ತಮ್ಮ ‘ಫಾದರ್ ಆ್ಯಂಡ್ ಸನ್’ (೧೯೦೭) ಕೃತಿಯಲ್ಲಿ ವಿವರಿಸಿದ್ದಾರೆ. ಜೀವಿಗಳನ್ನು ಪ್ರೀತಿಸಲು ಕಲಿಸಿದ ಪುಸ್ತಕಗಳೇ ಅವುಗಳ ನೆಲೆಗೆ ಕುತ್ತು ತಂದದ್ದು ಗಾಸ್ ಅವರ ಬದುಕಿನ ವಿಷಾದಗಳಲ್ಲೊಂದು. ಕಾಡಿನಿಂದಾಗಲಿ ಕಡಲಿನಿಂದಾಗಲಿ ಜೀವಿಗಳನ್ನು ತಂದು ಸಾಕುವ ಹವ್ಯಾಸದ ಚರಿತ್ರೆಯಲ್ಲಿ ಈ ಪ್ರಸಂಗವನ್ನು ಇಂದಿಗೂ ಎಚ್ಚರಿಕೆಯಾಗಿ ನೆನೆಯಲಾಗುತ್ತದೆ.