ಕಂತುಗಳಲ್ಲಿ ಬೆಳೆದ ಓದುಗ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಟಿಕೋಟಾ ಕಡೆಗೆ ಹೊರಟವರಿಗೆ ಊರು ದಾಟುತ್ತಲೇ ತೊರವಿ ಎದುರಾಗುತ್ತದೆ. ಇಂದು ಮಹಿಳಾ ವಿಶ್ವವಿದ್ಯಾಲಯದಿಂದಾಗಿ ಪರಿಚಿತವಾಗಿರುವ ಈ ಊರಿನ ನರಸಿಂಹನ ಅಂಕಿತದಲ್ಲಿ, ಸುಮಾರು ಐದು ಶತಮಾನಗಳ ಹಿಂದೆ, ಕುಮಾರ ವಾಲ್ಮೀಕಿ ತೊರವೆ ರಾಮಾಯಣವನ್ನು ರಚಿಸಿದ. ಇಂಥ ಕಾವ್ಯಗಳನ್ನು ನಮ್ಮ ಜನ ಓದಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಶ್ರಾವಣದ ರಾತ್ರಿಗಳಲ್ಲಿ ಪುರಾಣಿಕರು ದಿನಕ್ಕಿಷ್ಟೆಂದು ಓದಿ, ಅರ್ಥ ಹೇಳಿ, ಪುಸ್ತಕ ಕಟ್ಟಿಡುತ್ತಿದ್ದರು; ಮುಂದಿನ ಪ್ರಸಂಗಕ್ಕಾಗಿ ಕೇಳುಗರು ಮರುದಿನ ಮತ್ತೆ ಕೂಡುತ್ತಿದ್ದರು. ಮೊಬೈಲಿನಲ್ಲಿ ಕಂತು ಕಂತಾಗಿ ಬರುವ, ಆಡುವವನೇ ನಾಯಕನ ಮುಂದಿನ ಹೆಜ್ಜೆಯನ್ನು ಆರಿಸಿಕೊಳ್ಳುವ ಕಥಾ ಆಟಗಳಿಗಾಗಿ ಇಂದಿನ ತರುಣರು ಕಾಯುವುದನ್ನು ಕಂಡು ಮೂಗು ಮುರಿಯುವ ನನ್ನ ವಯಸ್ಸಿನವರು ಇದನ್ನು ಮರೆಯಬಾರದು.

ಆ ಕೇಳುಗನನ್ನು ಓದುಗನನ್ನಾಗಿ, ಅದೂ ಮುಂಗಡ ಹಣ ಕೊಟ್ಟು ಓದುವವನನ್ನಾಗಿ ಮಾಡಿದವರಲ್ಲಿ ಗಳಗನಾಥರು ಮೊದಲಿಗರು. ವೆಂಕಟೇಶ ತಿರಕೋ ಕುಲಕರ್ಣಿ ಅವರ ಪೂರ್ಣ ಹೆಸರು. 1869ರಲ್ಲಿ, ವರದಾ ನದಿ ತುಂಗಭದ್ರೆಯನ್ನು ಕೂಡುವ ಗಳಗನಾಥ ಗ್ರಾಮದಲ್ಲಿ ಹುಟ್ಟಿದರು. ಊರು ಆಗ ಧಾರವಾಡ ಜಿಲ್ಲೆಯದು, ಈಗ ಹಾವೇರಿಯದು. ಕಲಿತು ಶಾಲಾ ಮಾಸ್ತರರಾದರು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಅಂದು ಕಚೇರಿಯಲ್ಲಿಯೂ ಸುಶಿಕ್ಷಿತರ ಮನೆಗಳಲ್ಲಿಯೂ ಮರಾಠಿಯದೇ ಮೇಲುಗೈ. ಕಥೆ ಬೇಕೆನಿಸಿದವರು ಮರಾಠಿ ಪುಸ್ತಕವನ್ನೇ ಕೈಗೆತ್ತಿಕೊಳ್ಳುತ್ತಿದ್ದರು. ಅಂಥ ಹೊತ್ತಿನಲ್ಲಿ, 1898ರಲ್ಲಿ, ಅವರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ ಬಂತು.

ಮುಂದೆ ಅವರು ನೌಕರಿಯನ್ನೇ ಬಿಟ್ಟರು. ಸರ್ಕಾರಿ ಸೇವೆಯಲ್ಲಿ ಆಯುಷ್ಯ ಕಳೆದು ನಿವೃತ್ತಿ ವೇತನ ಎಣಿಸುತ್ತಿರುವ ನನ್ನಂಥವನಿಗೆ ಈ ಒಂದು ವಾಕ್ಯದ ಭಾರ ಚೆನ್ನಾಗಿ ತಿಳಿಯುತ್ತದೆ. ಅಗಡಿಯ ಆನಂದವನದಲ್ಲಿ ಶೇಷಾಚಲ ಸದ್ಗುರುಗಳ ಆಶ್ರಯ ದೊರೆಯಿತು. 1907ರ ಸುಮಾರಿಗೆ ಅಲ್ಲಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟಿತು. ಹೆಸರು ಕೇಳಿದರೆ ಧರ್ಮೋಪದೇಶದ ಪತ್ರಿಕೆ. ಓದುಗರು ಕಾಯುತ್ತಿದ್ದುದು ಮಾತ್ರ ಅದರಲ್ಲಿ ಬರುತ್ತಿದ್ದ ಕಥೆಯ ಮುಂದಿನ ಭಾಗಕ್ಕೆ. ಉಪದೇಶವನ್ನೂ ಅವರು ಕಥೆಯೊಳಗೇ ಬೆರೆಸಿದರು. ಇಂದಿನ ರುಚಿಗೆ ಅದು ಅತಿಯೆನಿಸಬಹುದು. ಆದರೆ ಪುರಾಣಿಕರ ಮಾತಿಗೆ ಕಿವಿ ಒಗ್ಗಿದ್ದ ಮಂದಿಗೆ ನಡುನಡುವೆ ನಿಲ್ಲಿಸಿ ಬುದ್ಧಿ ಹೇಳುವ ಕಥೆಗಾರ ಪರಕೀಯನಾಗಿ ಕಾಣಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನ ಕುತೂಹಲ ಇರುವುದು ಇಲ್ಲಿಯೇ. 1901ರ ಜನಗಣತಿಯಂತೆ ಭಾರತದ ಸಾಕ್ಷರತೆ ಶೇಕಡ 5ರ ಆಸುಪಾಸಿನಲ್ಲಿತ್ತು. ಪೇಟೆಯೇ ಇಲ್ಲದ ಕಡೆ ಸರಕು ತಯಾರಿಸುವ ಸಾಹಸವಿದು. ಇಡೀ ಪುಸ್ತಕವನ್ನು ಅಚ್ಚು ಹಾಕಿ ಕೊಳ್ಳುವವನಿಗಾಗಿ ಕಾಯುವುದಾದರೆ ಲೇಖಕ ಸಾಲದಲ್ಲಿ ಮುಳುಗಬೇಕು. ಚಂದಾ ಎತ್ತಿ ತಿಂಗಳಿಗಿಷ್ಟು ಕಥೆ ಕೊಟ್ಟರೆ ಹಣ ಮೊದಲು ಬರುತ್ತದೆ, ಓದುಗನ ಜೇಬಿಗೂ ಒಮ್ಮೆಲೇ ಹೊರೆಯಿಲ್ಲ. ಲಂಡನ್ನಿನಲ್ಲಿ ಡಿಕನ್ಸ್ 1836ರಲ್ಲಿಯೇ ‘ಪಿಕ್‌ವಿಕ್ ಪೇಪರ್ಸ್’ ಅನ್ನು ಮಾಸಿಕ ಕಂತುಗಳಲ್ಲಿ ಮಾರಿದ್ದ. ಪುಣೆಯಲ್ಲಿ ಹರಿ ನಾರಾಯಣ ಆಪಟೆ 1890ರಿಂದ ‘ಕರಮಣೂಕ’ ವಾರಪತ್ರಿಕೆಯಲ್ಲಿ ಕಾದಂಬರಿ ಬರೆಯುತ್ತಿದ್ದರು. ಅವರಿಗೆ ಸಿದ್ಧ ಪೇಟೆಯಿತ್ತು, ಗಳಗನಾಥರಿಗೆ ಇರಲಿಲ್ಲ. ಆದ್ದರಿಂದ ಅವರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದರು. ಕಾದಂಬರಿಕಾರ, ಸಂಪಾದಕ, ಮಾರಾಟಗಾರ ಎಲ್ಲವೂ ಒಬ್ಬರೇ. ಆನಂದವನ ಬಿಟ್ಟ ಮೇಲೆ ಹಾವೇರಿಯಿಂದ ‘ಸದ್ಗುರು’ ಪತ್ರಿಕೆ ನಡೆಸಿದಾಗಲೂ ಈ ದುಡಿತ ತಪ್ಪಲಿಲ್ಲ, ಬಡತನವೂ ಬಿಡಲಿಲ್ಲ.

ಅವರ ಕೃತಿಗಳು ಮರಾಠಿಯ ಋಣದವೆಂಬ ಆಕ್ಷೇಪ ಹಳೆಯದು. ಬಹುಮಟ್ಟಿಗೆ ನಿಜವೂ ಹೌದು. ಆಪಟೆಯವರ ‘ವಜ್ರಾಘಾತ’ವೇ ಕನ್ನಡದಲ್ಲಿ ‘ಕನ್ನಡಿಗರ ಕರ್ಮಕಥೆ’ಯಾಯಿತು. ವಿಜಯನಗರದ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾ ವಿಲಾಸ’ದಲ್ಲಿ ಅವರ ಸ್ವಂತ ಶಕ್ತಿ ಹೆಚ್ಚು ಕಾಣುತ್ತದೆ. ನನ್ನ ತಕರಾರು ಬೇರೆ. ‘ಕರ್ಮಕಥೆ’ಯನ್ನು ವಿಜಯಪುರದಲ್ಲಿ ಕುಳಿತು ಓದುವವನಿಗೆ ಆದಿಲಶಾಹಿ ಬರೀ ಶತ್ರುವಿನ ಹೆಸರಲ್ಲ. 1565ರ ಯುದ್ಧಕ್ಕೆ ಮುನ್ನ ಅಳಿಯ ರಾಮರಾಯನಿಗೂ ಅಲಿ ಆದಿಲಶಹನಿಗೂ ಸ್ನೇಹವಿತ್ತು. ಅದೇ ಮನೆತನದ ಎರಡನೆಯ ಇಬ್ರಾಹಿಂ ಸಂಗೀತದ ಮೋಹದಿಂದ ನವರಸಪುರ ಕಟ್ಟಹೊರಟದ್ದು ಇದೇ ತೊರವಿಯ ನೆಲದಲ್ಲಿ. ಕಂತಿನ ಕಥೆಗೆ ಓದುಗನನ್ನು ಹಿಡಿದಿಡಲು ಕಡುಕಪ್ಪು, ಅಚ್ಚಬಿಳುಪು ಬೇಕಾಗುತ್ತದೆ; ಇತಿಹಾಸ ಆ ಬಣ್ಣಗಳಲ್ಲಿ ಸಿಕ್ಕುವುದಿಲ್ಲ. ಭಾಷೆಯ ಅಭಿಮಾನ ಬಡಿದೆಬ್ಬಿಸುವ ತುರ್ತಿನಲ್ಲಿದ್ದ ಅವರಿಗೆ ಈ ಸೂಕ್ಷ್ಮಕ್ಕೆ ಬಿಡುವಿರಲಿಲ್ಲ. ಆ ರಿಯಾಯಿತಿಯನ್ನು ಅವರಿಗೆ ಕೊಡಬಹುದು. ಇಂದು ಅದೇ ಬಗೆಯ ಕಥೆ ಹೆಣೆಯುವವರಿಗೆ ಕೊಡಲಾರೆ.

1942ರಲ್ಲಿ ಗಳಗನಾಥರು ತೀರಿಕೊಂಡರು. 1965ರಲ್ಲಿ ‘ಸುಧಾ’ ಆರಂಭವಾಗಿ ವಾರದ ಧಾರಾವಾಹಿಗಳ ಕಾಲ ಬಂದಾಗ, ನಮ್ಮ ಕಡೆಯ ಮನೆಗಳಲ್ಲಿ ಪತ್ರಿಕೆ ಮೊದಲು ಯಾರ ಕೈಗೆ ಎಂಬ ಜಗಳ ನಡೆಯುತ್ತಿತ್ತು. ಓದುಬಾರದ ಅಜ್ಜಿಯರು ಮೊಮ್ಮಕ್ಕಳನ್ನು ಕೂರಿಸಿಕೊಂಡು ಕಂತನ್ನು ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದರು.