ಕಿನ್ನರಲೋಕದ ಚಿತ್ರಕಾರ ಆರ್ಥರ್ ರ‍್ಯಾಕಮ್

ವಿದ್ಯಾರ್ಥಿಗಳೇ, ಕಥೆಯ ಪುಸ್ತಕ ಕೈಗೆ ಸಿಕ್ಕಿದೊಡನೆ ನೀವು ಮೊದಲು ಮಾಡುವ ಕೆಲಸವೇನು? ಓದುವುದಲ್ಲ, ಹಾಳೆ ಮಗುಚಿ ಚಿತ್ರ ನೋಡುವುದು. ಕಥೆ ಮರೆತರೂ ಚಿಕ್ಕಂದಿನಲ್ಲಿ ಕಂಡ ಚಿತ್ರ ಮರೆಯುವುದಿಲ್ಲ. ನೂರು ವರ್ಷಗಳು ಕಳೆದರೂ ಮಾಸದ ಅಂಥ ಚಿತ್ರಗಳನ್ನು ಬರೆದವನು ಆಂಗ್ಲ ಕಲಾವಿದ ಆರ್ಥರ್ ರ‍್ಯಾಕಮ್.

ಅವನು 1867ರ ಸೆಪ್ಟೆಂಬರ್ 19ರಂದು ಲಂಡನ್ನಿನಲ್ಲಿ ಹುಟ್ಟಿದನು. ಹನ್ನೆರಡು ಮಕ್ಕಳ ತುಂಬು ಸಂಸಾರ. ಬಾಲ್ಯದಿಂದಲೂ ಅವನಿಗೆ ಚಿತ್ರ ಬರೆಯುವ ಹುಚ್ಚು. ಮಲಗುವ ವೇಳೆಯಲ್ಲಿ ಹಿರಿಯರು ಕಾಗದ ಕಸಿದುಕೊಂಡರೆ ದಿಂಬಿನ ಮೇಲೆಯೇ ಬರೆಯುತ್ತಿದ್ದನೆಂದು ಹೇಳುತ್ತಾರೆ. ದೇಹಾರೋಗ್ಯ ಅಷ್ಟಾಗಿ ಚೆನ್ನಾಗಿರಲಿಲ್ಲ. 1884ರಲ್ಲಿ ಹವಾ ಬದಲಾವಣೆಗೆಂದು ಅವನನ್ನು ಆಸ್ಟ್ರೇಲಿಯಾಕ್ಕೆ ಕಳುಹಿಸಿದರು. ಅಲ್ಲಿಯೂ ಕುಂಚ ಅವನ ಕೈ ಬಿಡಲಿಲ್ಲ.

ಆದರೆ ಚಿತ್ರಕಲೆಯಿಂದ ಹೊಟ್ಟೆ ತುಂಬೀತೆ? ಊರಿಗೆ ಮರಳಿದ ಮೇಲೆ, ಹದಿನೆಂಟರ ಪ್ರಾಯದಲ್ಲಿ, ಅವನು ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾದನು. ಹಗಲೆಲ್ಲ ಲೆಕ್ಕಪತ್ರ, ಸಂಜೆ ಲ್ಯಾಂಬೆತ್ ಕಲಾಶಾಲೆಯಲ್ಲಿ ಅಭ್ಯಾಸ. ಹೀಗೆ ಸುಮಾರು ಏಳು ವರ್ಷ ದುಡಿದು, 1892ರಲ್ಲಿ ಆ ನೌಕರಿ ಬಿಟ್ಟು ಪತ್ರಿಕೆಯೊಂದರ ಚಿತ್ರಕಾರನಾದನು.

1900ರಲ್ಲಿ ಅವನ ಚಿತ್ರಗಳೊಡನೆ ಗ್ರಿಮ್ ಸಹೋದರರ ಕಥೆಗಳು ಪ್ರಕಟವಾದವು. 1903ರಲ್ಲಿ ಎಡಿತ್ ಸ್ಟಾರ್ಕಿ ಎಂಬ ಚಿತ್ರಕಲಾವಿದೆಯನ್ನು ಮದುವೆಯಾದನು. 1905ರಲ್ಲಿ ಬಂದ 'ರಿಪ್ ವ್ಯಾನ್ ವಿಂಕಲ್' ಪುಸ್ತಕದ 51 ವರ್ಣಚಿತ್ರಗಳು ಅವನ ಕೀರ್ತಿಯನ್ನು ಎಲ್ಲೆಡೆ ಹರಡಿದವು. ಮರುವರ್ಷ 'ಪೀಟರ್ ಪ್ಯಾನ್', ಅದರ ಮರುವರ್ಷ 'ಆಲಿಸ್' ಬಂದವು. ಗ್ರಿಮ್ ಕಥೆಗಳ ಹಳೆಯ ಚಿತ್ರಗಳು ಅವನಿಗೆ ತೃಪ್ತಿ ಕೊಡಲಿಲ್ಲ. ಅನೇಕವನ್ನು ತಿದ್ದಿ ಬಣ್ಣ ತುಂಬಿದನು. ಹೊಸ ಚಿತ್ರಗಳನ್ನೂ ಬರೆದನು. 40 ವರ್ಣಚಿತ್ರಗಳ ಆ ಪುಸ್ತಕ 1909ರಲ್ಲಿ ಹೊರಬಂದಿತು.

ಅವನ ಚಿತ್ರಗಳ ಸೊಗಸಿನ ಗುಟ್ಟೇನು? ಆಗ ತಾನೇ ಮೂರು ಬಣ್ಣಗಳ ಮುದ್ರಣ ಬಳಕೆಗೆ ಬಂದಿತ್ತು. ಬಣ್ಣಗಳು ಕೂದಲೆಳೆಯಷ್ಟು ಸರಿದರೂ ಚಿತ್ರ ಕೆಡುವ ಭಯವಿತ್ತು. ರ‍್ಯಾಕಮ್ ಮೊದಲು ಮಸಿಯಿಂದ ಗಟ್ಟಿಯಾದ ರೇಖೆ ಎಳೆದು, ಅದರ ಮೇಲೆ ತೆಳುವಾದ ನೀರುಬಣ್ಣವನ್ನು ಪದರ ಪದರವಾಗಿ ಹಚ್ಚುತ್ತಿದ್ದನು. ಬಣ್ಣ ಸ್ವಲ್ಪ ಸರಿದರೂ ರೇಖೆ ಚಿತ್ರವನ್ನು ಹಿಡಿದು ನಿಲ್ಲಿಸುತ್ತಿತ್ತು. ಅವನ ಮರಗಳಿಗೆ ಮುಖವಿದೆ, ಕೊಂಬೆಗಳಿಗೆ ಬೆರಳುಗಳಿವೆ, ಬೇರುಗಳ ಸಂದಿಯಲ್ಲಿ ಕುಳ್ಳ ಭೂತಗಳು ಇಣುಕುತ್ತವೆ. ಆದರೂ ಆ ಮರ ನಿಜವಾದ ಮರವೇ. ತೊಗಟೆಯ ಒಂದೊಂದು ಸುಕ್ಕನ್ನೂ ಅವನು ಬಿಡದೆ ಬರೆದಿದ್ದಾನೆ. ಕಾಣುವುದನ್ನು ನಿಷ್ಠೆಯಿಂದ ಬರೆದದ್ದರಿಂದಲೇ ಕಾಣದ ಕಿನ್ನರಿಯನ್ನೂ ನಾವು ನಂಬುತ್ತೇವೆ.

ಕೆನೆತ್ ಗ್ರಹಾಂ ಬರೆದ 'ದಿ ವಿಂಡ್ ಇನ್ ದಿ ವಿಲೋಸ್' ಕಥೆಗೆ ಚಿತ್ರ ಬರೆಯುವ ಅವಕಾಶ ಬಹಳ ಹಿಂದೆಯೇ ಬಂದಿತ್ತು. ಬೇರೆ ಕೆಲಸದ ಒತ್ತಡದಿಂದ ಅದನ್ನು ಬಿಟ್ಟುಕೊಟ್ಟು ಅವನು ಮುಂದೆ ಮರುಗಿದ್ದನು. ಇಳಿವಯಸ್ಸಿನಲ್ಲಿ ಆ ಅವಕಾಶ ಮತ್ತೆ ಬಂದಾಗ ಅವನನ್ನು ಕ್ಯಾನ್ಸರ್ ರೋಗ ಹಿಡಿದಿತ್ತು. ಹಾಸಿಗೆ ಹಿಡಿದಿದ್ದರೂ ಬರೆಯುವುದನ್ನು ನಿಲ್ಲಿಸಲಿಲ್ಲ.

ಕೊನೆಯ ಚಿತ್ರದಲ್ಲಿ ಎರಡು ಪ್ರಾಣಿಗಳು ವನಭೋಜನಕ್ಕೆಂದು ದೋಣಿಗೆ ಬುತ್ತಿ ತುಂಬುತ್ತಿವೆ. ಚಿತ್ರ ಮುಗಿಯಿತೆಂದುಕೊಂಡಾಗ ಒಂದು ಕೊರತೆ ಕಂಡುಬಂದಿತು. ದೋಣಿಯಲ್ಲಿ ಹುಟ್ಟುಗಳೇ ಇರಲಿಲ್ಲ! ಇರಲಿ ಬಿಡಿ ಎಂದು ಮಗಳು ಬಾರ್ಬರಾ ಸಮಾಧಾನ ಹೇಳಿದರೂ ತಂದೆ ಕೇಳಲಿಲ್ಲ. ನಡುಗುವ ಕೈಯಲ್ಲಿ ಕುಂಚ ಹಿಡಿದು ಹುಟ್ಟುಗಳನ್ನು ಬರೆದ ಮೇಲೆಯೇ ದಣಿದು ಒರಗಿದನು. 1939ರ ಸೆಪ್ಟೆಂಬರ್ 6ರಂದು ಅವನು ತೀರಿಕೊಂಡನು. ಆ ಪುಸ್ತಕ ಮರುವರ್ಷ ಅಮೆರಿಕದಲ್ಲಿ ಅಚ್ಚಾಯಿತು. ಅದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ.

ಮಕ್ಕಳ ಪುಸ್ತಕವಲ್ಲವೇ, ಯಾರು ಗಮನಿಸುತ್ತಾರೆ ಎಂದು ಅವನು ಎಣಿಸಲಿಲ್ಲ. ಹುಟ್ಟಿಲ್ಲದ ದೋಣಿ ಸಾಗದೆಂಬುದು ಮಕ್ಕಳಿಗೆ ಗೊತ್ತು, ಅದು ಅವನಿಗೂ ಗೊತ್ತಿತ್ತು. ನೀವು ಬರೆಯುವ ಚಿತ್ರವಿರಲಿ, ಪ್ರಬಂಧವಿರಲಿ, ಮುಗಿಯಿತೆಂದು ಮಡಚಿಡುವ ಮುನ್ನ ನಿಮ್ಮ ದೋಣಿಯಲ್ಲಿ ಹುಟ್ಟು ಇದೆಯೇ ಎಂದು ಒಮ್ಮೆ ನೋಡಿರಿ.